ಎರಡನೆಯ ಪ್ರಶ್ನೆ

“ಯಾವಾಗ ಬಂದದ್ದು? ಯಾವಾಗ ಹೋಗುವುದು?”

ಪಿಕಪ್ ಗ್ಯಾರೇಜಿನೊಳಗೆ ಸರಿಯಾಗಿ ನಿಲ್ಲುವ ಮೊದಲೇ ಮೆಕ್ಯಾನಿಕ್ ಅಹ್ಮದ್ ಬಾವ ಎರಡನ್ನೂ ಒಂದೇ ಉಸಿರಿಗೆ ಕೇಳಿದರು. ಗಲ್ಫಿನಿಂದ ರಜೆಗೆ ಬಂದವನನ್ನು ಕಾಟಿಪಳ್ಳದಲ್ಲಿ ಯಾರು ಕಂಡರೂ ಹೀಗೆಯೇ. ಬಂದವ ಬ್ಯಾಗಿನ ಜಿಪ್ ಕೂಡ ಬಿಚ್ಚಿರುವುದಿಲ್ಲ, ಹೊರಡುವ ತಾರೀಕು ಬೇಕು ಇವರಿಗೆ. “ಮೊನ್ನೆ ಬಂದೆ, ಮುಂದಿನ ತಿಂಗಳು ಹೋಗ್ತೇನೆ” ಎಂದು ಸಮದ್ ಅಭ್ಯಾಸಬಲದಿಂದ ಹೇಳಿದ. ಪಕ್ಕದ ಸೀಟಿನಿಂದ ಇಳಿದ ಅವನ ಹೆಂಡತಿ ಮುನೀರಾ ಮಾತ್ರ ಮದುವೆಯಾದಂದಿನಿಂದ ಆ ಎರಡನೆಯ ಪ್ರಶ್ನೆಯನ್ನು ಒಮ್ಮೆಯೂ ಕೇಳಿದವಳಲ್ಲ. ಹೊರಡುವ ತಾರೀಕು ಅವಳಿಗೆ ಗೊತ್ತಾಗುತ್ತಿದ್ದದ್ದು ಅವನು ಹೀಗೆ ಬೇರೆಯವರಿಗೆ ಹೇಳುವಾಗಲೇ.

ಪಿಕಪ್ ಸಮದನ ತಂದೆ ಬಂದರಿನ ದಕ್ಕೆಯಿಂದ ಮೀನು ಸಾಗಿಸುತ್ತಿದ್ದ ಹಳೆಯ ಡಾಜ್ ಗಾಡಿ. ಅದನ್ನು ಸರಿಮಾಡಿಸಿ, ಪಣಂಬೂರು ಬೀಚಿನಲ್ಲಿ ಜ್ಯೂಸಿನ ಗಾಡಿ ಮಾಡಿ, ಊರಲ್ಲೇ ಇದ್ದುಬಿಡುತ್ತೇನೆಂದು ಅವನು ಮುನೀರಾಗೆ ಮಾತು ಕೊಟ್ಟಿದ್ದ. ಒಂದು ರಜೆಗೆ ಇಂಜಿನ್ ಆಯಿತು, ಇನ್ನೊಂದಕ್ಕೆ ಬಾಡಿ, ಮತ್ತೊಂದಕ್ಕೆ ಪೇಂಟ್. ತಿಳಿನೀಲಿ ಬಣ್ಣ ಆರಿಸಿದ್ದು ಅವಳೇ. ಇನ್ನು ಉಳಿದದ್ದು ಕುಲುಕು ತಡೆಯುವ, ಮುಂದಿನ ಚಕ್ರಗಳ ಸಸ್ಪೆನ್ಷನ್ ಒಂದೇ. ಈಗಿನ ಕುಲುಕಾಟಕ್ಕೆ ಬೀಚು ಮುಟ್ಟುವಷ್ಟರಲ್ಲಿ ಒಂದು ಗ್ಲಾಸೂ ಉಳಿಯುವ ಹಾಗಿರಲಿಲ್ಲ.

“ಗುಜರಿಗೆ ಬಂದ ಕಾರಿನ ಮುಂದಿನ ಸೆಟ್ ನನ್ನ ಹತ್ತಿರ ಉಂಟು. ಗಟ್ಟಿ ಮಾಲು. ಈ ರಜೆಯಲ್ಲೇ ಕೂರಿಸಿ ಕೊಡ್ತೇನೆ” ಎಂದರು ಅಹ್ಮದ್ ಬಾವ. “ಮತ್ತೆ ನೀನು ಊರಲ್ಲಿದ್ದು ಓಡಿಸಿ ನೋಡ್ಬೇಕು, ಸ್ವಲ್ಪ ಸ್ವಲ್ಪ ಸರಿಮಾಡ್ತಾ ಹೋಗ್ಬೇಕು.”

ಸಮದ್ ಮೊಬೈಲನ್ನು ಅವರ ಮುಂದೆ ಹಿಡಿದ. “ಇದು ನೋಡಿ ಅಹ್ಮದಾಕ. ಈ ಮಾಡೆಲಿಗೆಂದೇ ಮಾಡಿದ ಇಂಡಿಪೆಂಡೆಂಟ್ ಸಸ್ಪೆನ್ಷನ್ ಕಿಟ್. ಶಾರ್ಜಾದಲ್ಲಿ ಒಬ್ಬರು ತರಿಸಿ ಕೊಡ್ತಾರೆ.”

“ಇಂಡಿಪೆಂಡೆಂಟ್ ಅಂದ್ರೆ ಎಂತ?” ಮುನೀರಾ ಕೇಳಿದಳು.

“ಈಗ ಎರಡು ಚಕ್ರಕ್ಕೂ ಒಂದೇ ಆಕ್ಸಲ್. ಒಂದು ಹೊಂಡಕ್ಕೆ ಬಿದ್ರೆ ಇನ್ನೊಂದೂ ಅಲುಗಾಡ್ತದೆ. ಇದು ಹಾಕಿದ ಮೇಲೆ ಅದರ ಪಾಡಿಗೆ ಅದು, ಇದರ ಪಾಡಿಗೆ ಇದು. ಒಂದು ಬಿದ್ದದ್ದು ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ.”

“ಓ, ನಮ್ಮಿಬ್ಬರ ಹಾಗೆ.”

ಅಹ್ಮದ್ ಬಾವ ನಕ್ಕರು. ಸಮದ್‌ಗೆ ನಗು ಬರಲಿಲ್ಲ. ಕಳೆದ ಮಳೆಗಾಲದಲ್ಲಿ ಮುನೀರಾ ಅಂಗಳದಲ್ಲಿ ಜಾರಿ ಕೈ ಮುರಿದುಕೊಂಡದ್ದು ಅವನಿಗೆ ತಿಳಿದದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ. ಅಷ್ಟು ದಿನವೂ ವೀಡಿಯೊ ಕಾಲ್‌ನಲ್ಲಿ ಅವಳು ಆ ಕೈಯನ್ನು ಕಾಣದ ಹಾಗೆ ಇಟ್ಟುಕೊಂಡಿದ್ದಳು.

“ಅಹ್ಮದಾಕನ ಹತ್ತಿರ ಇರುವುದನ್ನೇ ಹಾಕಿಸುವ” ಎಂದಳು ಅವಳು, ಸ್ವರ ತಗ್ಗಿಸಿ. “ಸ್ವಲ್ಪ ಕುಲುಕಿದ್ರೆ ಕುಲುಕಲಿ. ಗ್ಲಾಸುಗಳನ್ನು ನಾನು ಮಡಿಲಲ್ಲಿ ಇಟ್ಟುಕೊಂಡು ಕೂತ್ಕೊಳ್ತೇನೆ.”

ಸಮದ್ ಮೂಲೆಯಲ್ಲಿದ್ದ ಕಾರಿನ ಸೆಟ್ ನೋಡಿದ, ಮತ್ತೆ ಮೊಬೈಲ್ ನೋಡಿದ. ಊರಲ್ಲಿರುವ ಆಸೆ ಅವನಿಗೇನು ಕಡಿಮೆಯಿರಲಿಲ್ಲ. ಅಲ್ಲಿನ ಕೆಲಸ ಬಿಟ್ಟುಬರುವ ಧೈರ್ಯ ಮಾತ್ರ ಪ್ರತಿ ರಜೆಯಲ್ಲೂ ಸ್ವಲ್ಪ ಸಾಲದೆ ಬರುತ್ತಿತ್ತು.

“ಇಷ್ಟೆಲ್ಲ ಮಾಡಿ ಇದೊಂದರಲ್ಲಿ ಯಾಕೆ ರಾಜಿ ಮಾರಾಯ್ತಿ? ಮುಂದಿನ ರಜೆಗೆ ಕಿಟ್ ನಾನೇ ತರ್ತೇನೆ. ಅದು ಕೂರಿಸಿದ ಮೇಲೆ ಮತ್ತೆ ಹೋಗುವುದೇ ಇಲ್ಲ.”

ಪೇಂಟಿನ ರಜೆಯಲ್ಲೂ ಅವನು ಇದನ್ನೇ ಹೇಳಿದ್ದ. ಅಹ್ಮದ್ ಬಾವ ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು. ಮುನೀರಾ ಹತ್ತಿ ಕುಳಿತು ಬಾಗಿಲು ಎಳೆದುಕೊಂಡಳು.

ಕೃಷ್ಣಾಪುರದ ಹತ್ತಿರ ಬಲಗಡೆಯ ಚಕ್ರ ಹೊಂಡಕ್ಕೆ ಬಿತ್ತು. ಇಡೀ ಗಾಡಿ ಎಗರಿ ಅವಳ ಭುಜ ಅವನ ಭುಜಕ್ಕೆ ಬಡಿಯಿತು. ಬೇರೆ ದಿನವಾಗಿದ್ದರೆ ಅವಳು ಹಾಗೇ ಒರಗಿ ಕೂರುತ್ತಿದ್ದಳು. ಈಗ ಸರಿದು ಕುಳಿತು, ತಲೆಯ ಶಾಲು ಸರಿಮಾಡಿಕೊಂಡು, ರಸ್ತೆಯನ್ನೇ ನೋಡುತ್ತ, ಊರಿನ ಎಲ್ಲರ ಹಾಗೆ ಕೇಳಿದಳು:

“ಹಾಗಾದ್ರೆ, ಯಾವಾಗ ಹೋಗುವುದು?”