ಸ್ಟೋರ್‌ರೂಮಿಗೆ ವಾಪಸಾದ ಡಿಟೆಕ್ಟರ್

ಡಿಟೆಕ್ಟರ್ ವಾಪಸು ಕೊಡುವ ತನಕ ‘ನೋ ಡ್ಯೂಸ್’ ಹಾಳೆಗೆ ಸಹಿ ಇಲ್ಲ ಎಂದು ಭೌತಶಾಸ್ತ್ರ ವಿಭಾಗದ ಸ್ಟೋರ್‌ಕೀಪರ್ ನೀಲಕಂಠಪ್ಪ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಆ ಸಹಿ ಇಲ್ಲದೆ ಮಧುಮತಿಯ ಪಿಎಚ್‌ಡಿ ಪ್ರಬಂಧವನ್ನು ಯಾರೂ ಮುಟ್ಟುವುದಿಲ್ಲ. ಸಲ್ಲಿಸಲು ಇವತ್ತೇ ಕೊನೆಯ ದಿನ, ಐದಕ್ಕೆ ಕೌಂಟರ್ ಮುಚ್ಚುತ್ತದೆ, ಆಗಲೇ ನಾಲ್ಕೂವರೆ.

ಯಾವ ಡಿಟೆಕ್ಟರ್ ಎಂದು ಅವಳು ಕೇಳಿದ್ದಕ್ಕೆ ನೀಲಕಂಠಪ್ಪ ಅವಳದೇ ಪ್ರಬಂಧದ ಮೊದಲ ಪುಟ ತೆರೆದು ತೋರಿಸಿದರು. ‘ಇಲ್ಲಿ ನಾವು ಒಂದು ಡಿಟೆಕ್ಟರನ್ನು ಬಳಸಿದ್ದೇವೆ.’ ಮೂವತ್ತು ವರ್ಷದ ಸರ್ವಿಸಿನಲ್ಲಿ ಒಂದು ಸ್ಕ್ರೂ ಕೂಡ ಕಳೆಯಲು ಬಿಡದ ಪುಣ್ಯಾತ್ಮ. ಪ್ರಬಂಧಗಳನ್ನು ಪರೀಕ್ಷಕರು ಓದುತ್ತಾರೋ ಬಿಡುತ್ತಾರೋ, ಇವರು ಓದುತ್ತಿದ್ದರು.

ಅದು ಲೆಕ್ಕ ಮಾಡಲೆಂದು ಕಾಗದದ ಮೇಲೆ ಕಲ್ಪಿಸಿಕೊಂಡದ್ದು, ಉದ್ದ ಅಗಲವಿಲ್ಲದ ಒಂದು ಚುಕ್ಕೆ, ಕಣ ಸಿಕ್ಕರೆ ಟಿಕ್ ಎನ್ನುತ್ತದೆ, ಅಷ್ಟೇ ಎಂದು ಮಧುಮತಿ ಬಿಡಿಸಿ ಹೇಳಿದಳು.

“ಹಂಗೊಂದು ಸಾಮಾನು ಅನ್ನೋದ ಇಲ್ಲರೀ ಸರ.”

“ಇಲ್ಲ ಅಂದ್ರೆ ಕಳೆದೋಯ್ತು ಅಂತ ತಾನೇ ಅರ್ಥ? ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಟ್ಟು, ಕಾಪಿ ತಗೊಂಬನ್ನಿ.”

ಬನಶಂಕರಿ ಪೊಲೀಸ್ ಸ್ಟೇಷನ್ನಿನಲ್ಲಿ ಈ ಕಂಪ್ಲೇಂಟ್ ಬರೆಸಿ ಐದರೊಳಗೆ ವಾಪಸು ಬರುವುದು ಆಗದ ಮಾತು. ಹಾಳಾಗಿ ಹೋಗಲಿ ಎಂದುಕೊಂಡು, ಡಿಟೆಕ್ಟರ್ ಅದರಲ್ಲಿದೆ ಎಂಬಂತೆ ಖಾಲಿ ಬೊಗಸೆಯನ್ನು ಮೇಜಿನ ಮೇಲೆ ಚಾಚಿದಳು. ನೀಲಕಂಠಪ್ಪ ಎದ್ದು ನಿಂತು, ತೀರ್ಥ ತೆಗೆದುಕೊಳ್ಳುವಷ್ಟು ಭಕ್ತಿಯಿಂದ ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡರು. ಆಮೇಲೆ ರಿಜಿಸ್ಟರ್ ತೆಗೆದು, ಸಾಮಾನು ಸುಸ್ಥಿತಿಯಲ್ಲಿದೆಯೇ ಎಂದು ಕೇಳಿದರು.

ಇದಕ್ಕೆ ಮಾತ್ರ ಸುಳ್ಳು ಹೇಳಲು ಮಧುಮತಿಗೆ ನಾಲಿಗೆ ಏಳಲಿಲ್ಲ, ಇದ್ದದ್ದನ್ನೇ ಹೇಳಿದಳು. ಬರೀ ಶೂನ್ಯದಲ್ಲಿ ಸುಮ್ಮನೆ ಇಟ್ಟರೆ ಇದು ಯಾವತ್ತೂ ಟಿಕ್ ಎನ್ನದು. ಹಿಡಿದುಕೊಂಡು ವೇಗ ಏರಿಸುತ್ತಾ ಏರಿಸುತ್ತಾ ಓಡಿದರೆ ಮಾತ್ರ, ಏನೂ ಇಲ್ಲದ ಕಡೆಯಲ್ಲೂ ಟಿಕ್ ಟಿಕ್ ಎನ್ನುತ್ತದೆ. ಐದು ವರ್ಷ ಬಿಟಿಎಂ ಲೇಔಟಿನ ರೂಮಿನಲ್ಲಿ ಕೂತು ಇನ್ನೂರು ಪುಟ ಬರೆದದ್ದು ಇಟ್ಟಲ್ಲೇ ಇದ್ದರೆ ಟಿಕ್ ಇಲ್ಲ ಎಂಬ ಈ ಒಂದು ಮಾತನ್ನು ನೆಚ್ಚಿಕೊಂಡೇ. ನೀಲಕಂಠಪ್ಪ ಕಿಟಕಿಯಿಂದ ರಿಂಗ್ ರೋಡನ್ನು ಒಮ್ಮೆ ನೋಡಿ, ‘ಟ್ರಾಫಿಕ್ ಕಾರಣ ಪರೀಕ್ಷಿಸಿಲ್ಲ’ ಎಂದು ಬರೆದರು. ಒಂದು ಖಾಲಿ ಬೀರುವಿನಲ್ಲಿ ಡಿಟೆಕ್ಟರ್ ಇಟ್ಟು, ಬೀಗ ಜಡಿದು, ಸಹಿ ಹಾಕಿದರು.

ಅವಳು ಎರಡೆರಡು ಮೆಟ್ಟಿಲು ಹಾರುತ್ತಾ ಮೇಲಿನ ಮಹಡಿಗೆ ಓಡಿದಳು. ಕೌಂಟರಿನ ವನಿತಾ ಮೇಡಂ ಹಾಳೆಯಲ್ಲಿನ ಸಹಿಗಳನ್ನೆಲ್ಲ ಎಣಿಸಿ, ಎಲ್ಲ ಸರಿಯಿದೆ ಎಂದು ತಲೆಯಾಡಿಸಿದರು. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಫೋನ್ ಬಂತು. ನೀಲಕಂಠಪ್ಪನವರದು.

“ಅಮ್ಮಾ, ಬೀರು ಒಳಗೆ ಟಿಕ್ ಅಂತು. ನಾನು ಅಲ್ಲಾಡಿಸಿಲ್ಲ, ದೇವ್ರಾಣೆ. ಇಟ್ಟ ಜಾಗದಲ್ಲೇ ಇತ್ತು.”

ವನಿತಾ ಮೇಡಂ ಗಡಿಯಾರ ನೋಡಿ, ಪ್ರಬಂಧಕ್ಕೆ ಕೈ ಚಾಚಿದರು. ಮಧುಮತಿ ಅದನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ಎಷ್ಟ್ ಸಲ ಟಿಕ್ ಅಂತ್ರೀ ಸರ?”