ಹಾರಿಕಾ ಮುಟ್ಟಿದ ಹೂವು

ಏಳು ತಿಂಗಳ ಹಾರಿಕಾ ಚಾಪೆಯ ಆ ತುದಿಯಿಂದ ಅಂಬೆಗಾಲಿಟ್ಟು ಹೊರಟಾಗ ಆಂಧ್ರದ ಕೌತಾಳಂ ಮಂಡಲವೇ ಉಸಿರು ಬಿಗಿಹಿಡಿದಿತ್ತು. ಅವತ್ತು ಅವಳ ಅನ್ನಪ್ರಾಶನ. ಪಾಯಸ ನೆಕ್ಕಿಸಿಯಾಗಿತ್ತು, ಮುಂದೆ ತಾನೇನಾಗುತ್ತೇನೆ ಎಂಬುದನ್ನು ಇನ್ನು ಮಗುವೇ ಮುಟ್ಟಿ ತೋರಿಸಬೇಕು. ಚಾಪೆಯ ಈ ತುದಿಯಲ್ಲಿ ಪುಸ್ತಕ, ಪೆನ್ನು, ಉಂಗುರ, ಬಟ್ಟಲಲ್ಲಿ ಮಣ್ಣು. ಎಲ್ಲಕ್ಕಿಂತ ಮುಂದೆ ಒಂದು ಸ್ಟೆತಸ್ಕೋಪು. ಅದನ್ನು ತಾಯಿ ಶಿರೀಷಾ ಆದೋನಿಯ ಆಟಿಕೆ ಅಂಗಡಿಗಳನ್ನೆಲ್ಲ ಜಾಲಾಡಿ ತಂದಿದ್ದಳು. ಪ್ಲಾಸ್ಟಿಕ್ಕಿನದೇ, ಆದರೆ ಎಮ್ಮೆಯ ಎದೆಗಿಟ್ಟರೆ ಬಡಿತ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. ಸುಳ್ಳು ಎನ್ನುವವರು ಎಮ್ಮೆಯನ್ನೇ ಕೇಳಲಿ. ನಾನಂತೂ ಅಲ್ಲೇ ಕೂತಿದ್ದೆ. ನಾನು ಕೂರದೆ ಆ ಊರಲ್ಲಿ ಯಾರೂ ಎಲೆ ಹಾಸುವುದಿಲ್ಲ.

ಮಗಳು ಡಾಕ್ಟರಾಗುತ್ತಾಳೆ ಎಂದು ಶಿರೀಷಾ ಬಸುರಿಯಾಗಿದ್ದಾಗಿನಿಂದ ಹೇಳುತ್ತಿದ್ದಳು. ಬರೀ ಡಾಕ್ಟರಲ್ಲ, ಕಣ್ಣಿನ ಡಾಕ್ಟರು. ಊರಿನ ಮುದುಕರೆಲ್ಲ ತಮ್ಮ ಕಣ್ಣಿನ ಪೊರೆಗಳನ್ನು ಆಗಲೇ ಹಾರಿಕಾಳಿಗಾಗಿ ಕಾದಿರಿಸಿದ್ದರು.

ಕೂಸು ಸ್ಟೆತಸ್ಕೋಪಿಗೆ ಇನ್ನೊಂದು ಗೇಣು ದೂರವಿದ್ದಾಗ ಮಾರೆಣ್ಣ ಬಂದ. ಬೀಜದ ಕಂಪನಿಯ ಪರವಾಗಿ ಹತ್ತಿಯ ಹೊಲಗಳನ್ನು ಗೊತ್ತುಮಾಡಿ, ಆಳುಗಳನ್ನು ಹೊಂದಿಸುವವ. ಅವನ ಬೈಕಿನ ಸದ್ದಿಗೆ ಹತ್ತಿ ಗಿಡಗಳು ತಲೆ ಬಾಗಿಸುತ್ತವೆ. ಶಿರೀಷಾಳ ಗಂಡ ಹರೀಶ ಗಿಡಗಳಿಗಿಂತ ಹೆಚ್ಚೇ ಬಾಗಿ ಕುರ್ಚಿ ಹಾಕಿದ. ಅವನ ಬೀಜದ ಹತ್ತಿಯನ್ನು ಕೊಳ್ಳುವವನು ಮಾರೆಣ್ಣನೇ. ಮಾರೆಣ್ಣನ ಜತೆ ಎಂಟು ವರ್ಷದ ಮಗಳು ಲಾಸ್ಯ, ಆದೋನಿಯ ಇಂಗ್ಲಿಷ್ ಮೀಡಿಯಂ ಹುಡುಗಿ, ಬಂದವಳೇ ಕೂಸಿನ ಪಕ್ಕ ಕೂತಳು.

“ನಮ್ಮದೂ ಒಂದಿರ್ಲಿ,” ಎಂದು ಮಾರೆಣ್ಣ ಅಂಗಿಯ ಜೇಬಿನಿಂದ ಹಳದಿ ಹತ್ತಿ ಹೂವೊಂದನ್ನು ತೆಗೆದು ಮಗುವಿನ ಮೂಗಿನ ಮುಂದೆಯೇ ಇಟ್ಟ. ಯಾವ ಕೂಸು ಬಿಟ್ಟೀತು? ಹಾರಿಕಾ ಹೂವನ್ನು ಹಿಡಿದು ಚಿಂದಿ ಮಾಡಿದಳು.

“ಚೂಡು, ಚೂಡು, ನೋಡ್ರಿಲ್ಲಿ. ಕೈ ಈಗ್ಲೇ ಕೆಲಸಕ್ಕ ಕುಂತೈತಿ,” ಮಾರೆಣ್ಣ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. “ಏನು ಬೆರಳಪ್ಪ ಇವು. ಹರೀಶಾ, ಎಂಟು ವರ್ಷ ತಡಿ. ನಿನ್ನ ಮಗಳು ಕ್ರಾಸಿಂಗಿನಾಗ ಊರಿಗೇ ಫಸ್ಟ್.”

ಬೀಜದ ಹತ್ತಿಯಲ್ಲಿ ಸಂಜೆ ಮೊಗ್ಗಿನ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ, ಬೆಳಿಗ್ಗೆ ಅದಕ್ಕೆ ಬೇರೆ ಗಿಡದ ಹೂವನ್ನು ಸವರುವುದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಅದಕ್ಕೆ ಹೆಣ್ಣುಮಕ್ಕಳ ಸಣ್ಣ ಬೆರಳೇ ಆಗಬೇಕಂತೆ. ಎತ್ತರವೂ ಗಿಡದಷ್ಟೇ ಇದ್ದರೆ ಬಗ್ಗುವ ಕಷ್ಟವಿಲ್ಲವಂತೆ. ಶಿರೀಷಾ ಐದನೇ ಕ್ಲಾಸಿನ ನಡುವೆ ಆ ಕೆಲಸಕ್ಕೆ ಹೋದವಳು ಶಾಲೆಗೆ ತಿರುಗಿ ಬರಲೇ ಇಲ್ಲ.

ಕೂತವರೆಲ್ಲ ನಕ್ಕರು. ಹರೀಶನೂ ನಕ್ಕ. “ಮುಟ್ಟಿದ್ದು ಮುಟ್ಟಿದಂಗ,” ಎಂದಳು ಅತ್ತೆ ಉಚ್ಚಮ್ಮ, “ಹಣೆಬರಹಕ್ಕ ಯಾರೇನು ಮಾಡಾಕ ಬರ್ತೈತಿ.”

“ಆಕಿ ಮುಟ್ಟಲಿಲ್ಲ ಅತ್ತಿ, ಮುಟ್ಟಿಸಿದ್ರು,” ಎಂದಳು ಶಿರೀಷಾ.

“ಸುಮ್ನಿರು,” ಹರೀಶ ಹಲ್ಲು ಕಚ್ಚಿ ಹೇಳಿದ. “ಅಣ್ಣ ಚ್ಯಾಷ್ಟಿ ಮಾಡಿದ್ರು. ಹೊಲದಾಗ ಬೆಳಿ ನಿಂತೈತಿ, ನೆನಪಿರ್ಲಿ.”

ಶಿರೀಷಾ ಅವನ ಕಡೆ ನೋಡಲಿಲ್ಲ. “ಅಣ್ಣಾ, ನಿಮ್ಮ ಲಾಸ್ಯನ ಅನ್ನಪ್ರಾಸನದಾಗ ಏನೇನು ಇಟ್ಟಿದ್ರಿ?”

ಮಾರೆಣ್ಣ ಹಿಗ್ಗಿದ. “ಲ್ಯಾಪ್‌ಟಾಪ್ ಇಟ್ಟಿದ್ವಿ. ಬಂಗಾರ. ಸ್ಟೆತಸ್ಕೋಪು, ಅದೂ ಖರೇದು.”

“ಹತ್ತಿ ಹೂವು?”

“ಅದ್ಯಾಕಮ್ಮ? ಮನಿ ತುಂಬ ಹತ್ತಿನೇ ಐತಿ.”

“ನಮ್ಮನಿಗೆ ಮಾತ್ರ ಜೇಬಿನಾಗ ಇಟಗೊಂಡು ಬಂದ್ರಿ.”

“ಅದೇಂ ಲೇದು, ಹಂಗೇನಿಲ್ಲ ತಂಗಿ, ನಗಾಕಂತ ಇಟ್ಟೆ. ಈಗ ಸಣ್ಣ ಮಕ್ಕಳನ್ನ ಕರಿಯಂಗೂ ಇಲ್ಲ, ಕಾಯ್ದೆ ಐತಿ. ಶನಿವಾರ, ಐತವಾರ ತಾವಾಗೇ ಬರ್ತಾವ, ಆಟ ಆಡಿದಂಗ ಮಾಡಿ ಹೋಗ್ತಾವ.”

ಆಗ ಶಿರೀಷಾಳಿಗೆ ಬಂದ ಸಿಟ್ಟಿಗೆ, ಇಳಿಸಿಟ್ಟಿದ್ದ ಪಾಯಸ ಇನ್ನೊಂದು ಸಲ ಕುದಿಯಿತು. ನಾನು ಕಣ್ಣಾರೆ ಕಂಡೆ. ಆದರೆ ಅವಳ ದನಿ ಮಾತ್ರ ಒಂದು ಕೂದಲೆಳೆಯಷ್ಟೂ ಏರಲಿಲ್ಲ. ಲಾಸ್ಯಳ ಬಳಿ ಕೂತು, ಅವಳ ಕೈಗಳನ್ನು ಮಡಿಲಿಗೆ ಎಳೆದುಕೊಂಡು, ಒಂದೊಂದೇ ಬೆರಳನ್ನು ಬಿಡಿಸಿ, ಬೆಳಕಿಗೆ ಹಿಡಿದು, ಉಗುರನ್ನು ಒತ್ತಿ ನೋಡಿದಳು. ಸಂತೆಯಲ್ಲಿ ಕುರಿಯ ಹಲ್ಲು ನೋಡುವವರೂ ಅಷ್ಟು ನೋಡುವುದಿಲ್ಲ. ನಗುತ್ತಿದ್ದವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು.

“ಭಾಳ ಚಲೋ ಬೆರಳು ಅಣ್ಣಾ,” ಎಂದಳು. “ಸಣ್ಣಗ, ಉದ್ದಕ ಅದಾವ. ಉಗುರೂ ಗಟ್ಟಿ. ಎತ್ತರಾನೂ ನಮ್ಮ ಗಿಡದಷ್ಟೇ ಐತಿ. ಈ ಐತವಾರ ಕಳಿಸ್ರಿ. ಆ ಆಟ ನಾನೇ ಕಲಿಸ್ತೀನಿ.”

“ಹೋಗ್ಲಾ ಡ್ಯಾಡಿ?” ಲಾಸ್ಯ ಕುಣಿಯುವಂತೆ ಕೇಳಿದಳು.

ಮಾರೆಣ್ಣ ಎದ್ದು ಬಂದು, ಶಿರೀಷಾಳ ಮಡಿಲಿನಿಂದ ಮಗಳ ಎರಡೂ ಕೈಗಳನ್ನು ಕಿತ್ತುಕೊಂಡು, ತನ್ನ ಎರಡೂ ಮುಷ್ಟಿಗಳೊಳಗೆ ಒಂದು ಬೆರಳೂ ಹೊರಗೆ ಕಾಣದಂತೆ ಮುಚ್ಚಿಕೊಂಡ.