ಬೆಂಕಿರಾಣಿಗೆ ಬೆಲ್ಲದ ಗಂಜಿ

ಒಂದು ಒಲೆಯ ಮೇಲೆ ಬೆಲ್ಲದ ಕೆಂಪು ಗಂಜಿ, ಇನ್ನೊಂದರ ಮೇಲೆ ತೆಂಗಿನಹಾಲಿನ ಬಿಳಿ ಗಂಜಿ ಕುದಿಯುತ್ತಿರುವಾಗಲೇ ನುನಿಂಗ್ ಏಳನೆಯ ಪುಸ್ತಕದ ಕೊನೆಯ ಅಧ್ಯಾಯಕ್ಕೆ ಬಂದಳು. ಗಟ್ಟಿಯಾಗಿ ಓದುತ್ತಿದ್ದವಳ ಬಾಯಿ ನಿಂತಿತು, ಕಣ್ಣು ಮಾತ್ರ ಮುಂದೆ ಓಡಿತು. ಎರಡು ಪುಟ ತಿರುವಿ ಪುಸ್ತಕ ಮುಚ್ಚಿದಳು.

"ಅತ್ತೆ, ಮಗು ಹೆಸರು ಬದಲಾಯಿಸಿಬಿಡೋಣ."

ಕಾದ ಮೇಣದ ಬಾಣಲೆಯ ಸುತ್ತ ಕೂತು ಬಟ್ಟೆಯ ಮೇಲೆ ಬಾತಿಕ್ ಚಿತ್ತಾರ ಬಿಡಿಸುತ್ತಿದ್ದ ಐದು ಹೆಂಗಸರ ಕೈ ಒಟ್ಟಿಗೇ ನಿಂತಿತು. ಈ ಒಂದು ಮಾತಿಗಾಗಿ ಅತ್ತೆ ಪೈಜೆಮ್ ಎರಡು ವರ್ಷ ಜಗಳವಾಡಿದ್ದಳು. ಮೂರು ವರ್ಷದ ಮೊಮ್ಮಗಳಿಗೆ ತಿಂಗಳಿಗೊಮ್ಮೆ ಜ್ವರ. ಆಸ್ಪತ್ರೆಯವರು ಟಾನ್ಸಿಲ್ ಅಂದರು, ಪೈಜೆಮ್ ಹೆಸರಿನ ಭಾರ ಅಂದಳು. ಹೊರಲಾರದ ಹೆಸರಿಟ್ಟರೆ ಮಗು ಸೊರಗುತ್ತದೆ, ಆಗ ಎರಡು ಬಣ್ಣದ ಗಂಜಿ ಮಾಡಿ, ಹಿರಿಯರ ಬಾಯಲ್ಲಿ ಹಗುರವಾದ ಹೆಸರು ಹೇಳಿಸಬೇಕು. ಅವರ ಊರು ಇಮೋಗಿರಿಯಲ್ಲಿ ಇದನ್ನು ಯಾರೂ ಅನುಮಾನಿಸಿದವರಲ್ಲ. ಮಗುವಿನ ಹೆಸರು ರಾತು ಗೆನಿ, ಅಂದರೆ ಬೆಂಕಿಯ ರಾಣಿ. ನುನಿಂಗ್ ಹೈಸ್ಕೂಲಿನಿಂದ ಓದಿಕೊಂಡು ಬಂದ ಏಳು ಪುಸ್ತಕಗಳ ಕಥೆಯಲ್ಲಿ ಹದಿನಾರು ವರ್ಷದ ನಾಯಕಿ ಅವಳು. ಆ ಹೆಸರು ಬಿಟ್ಟು ಬೇರೆ ಹೆಸರು ನನ್ನ ಮಗಳಿಗೆ ಬೇಡ ಎಂದು ನುನಿಂಗ್ ಹಟ ಹಿಡಿದಿದ್ದಳು.

"ಬೆಂಕಿ ಅಂತ ಹೆಸರಿಟ್ಟು, ಮಗು ಮೈ ಸುಡ್ತದೆ ಅಂತ ಸೊಸೆ ಅಳ್ತಾಳೆ," ಎಂದು ಪೈಜೆಮ್ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಕೊನೆಗೆ ಅತ್ತೆ ಸೊಸೆ ಒಂದು ಮಾತಿಗೆ ಬಂದಿದ್ದರು. ಏಳನೆಯ ಪುಸ್ತಕದಲ್ಲಿ ರಾಣಿ ಗೆದ್ದರೆ ಹೆಸರು ಉಳಿಯುತ್ತದೆ, ಸೋತರೆ ಗಂಜಿ. ಕಂಕುಳಲ್ಲಿ ಮಗುವಿದ್ದ ನುನಿಂಗ್ ಮೇಣದ ಕೆಲಸಕ್ಕೆ ಕೂರುವಂತಿರಲಿಲ್ಲ. ಅವಳು ಓದುತ್ತಿದ್ದಳು, ಉಳಿದವರು ತಲಾ ಒಂದು ಗೇಣು ಅವಳ ಬಟ್ಟೆಗೆ ಮೇಣ ಬರೆದುಕೊಡುತ್ತಿದ್ದರು. ಪೈಜೆಮ್ ಮಾತ್ರ ಈ ಸುಳ್ಳುಪುರಾಣ ತನಗೆ ಬೇಡವೆಂದು ಬೆನ್ನು ತಿರುಗಿಸಿ ಕೂರುತ್ತಿದ್ದಳು. ಆದರೆ ನುನಿಂಗ್ ಒಂದು ಪುಟ ಹಾರಿಸಿದರೆ ಮೊದಲು ಕೆಮ್ಮುತ್ತಿದ್ದವಳು ಅವಳೇ.

ಇವತ್ತು ಕೊನೆಯ ಅಧ್ಯಾಯ, ಗೆಲ್ಲುವುದು ತಾನೇ ಎಂದು ಪೈಜೆಮ್ ಮೊದಲೇ ಗಂಜಿ ಒಲೆಗಿಟ್ಟು, ಊರ ಹಿರಿಯರಿಗೂ ಹೇಳಿ ಕಳಿಸಿದ್ದಳು. ಈಗ ಗೆದ್ದಿದ್ದಳು. ಮುಖ ಮಾತ್ರ ಗೆದ್ದವಳ ಹಾಗಿರಲಿಲ್ಲ.

"ಯಾಕೆ? ಏನಾಯ್ತು ಅವಳಿಗೆ?"

"ನೀವೇ ಗೆದ್ರಿ ಅತ್ತೆ. ಬಿಡಿ."

"ಗೆದ್ದಿದ್ದು ಆಮೇಲೆ. ಓದು ಮೊದ್ಲು."

ನುನಿಂಗ್ ಓದಿದಳು. ಬೆಂಕಿ ಉಕ್ಕುವ ಬೆಟ್ಟವನ್ನು ತಣಿಸಲು ರಾಣಿ ಬೆಂಕಿಯ ಕಿರೀಟ ತೊಟ್ಟು ಅದರ ಬಾಯಿಗೆ ಇಳಿದಳು. ಬೆಟ್ಟ ತಣ್ಣಗಾಯಿತು, ರಾಜ್ಯ ಉಳಿಯಿತು. ಅವಳ ತಮ್ಮಂದಿರು ಅಂಚಿನಲ್ಲಿ ನಲವತ್ತು ದಿನ ಕಾದರು. ಅವಳು ಮೇಲೆ ಬರಲಿಲ್ಲ. ಬಾಣಲೆಯಲ್ಲಿ ಮೇಣ ಹೊಗೆಯಾಡುತ್ತಿತ್ತು, ಯಾರೂ ಇಳಿಸಲಿಲ್ಲ.

"ಆ ಹದ್ದು ಏನ್ ಮಾಡ್ತಿತ್ತು?" ಎಂದಳು ಪೈಜೆಮ್. "ಐದನೇ ಪುಸ್ತಕದಲ್ಲಿ ಅವಳನ್ನ ನೀರಿಂದ ಎತ್ಕೊಂಡು ಬಂತಲ್ಲ."

"ನಾಲ್ಕನೇದ್ರಲ್ಲಿ ಅತ್ತೆ."

"ಐದನೇದ್ರಲ್ಲಿ. ನಾಲ್ಕನೇದ್ರಲ್ಲಿ ಅದಕ್ಕೆ ರೆಕ್ಕೆ ಮುರಿದಿತ್ತು."

ಪಕ್ಕದ ಮನೆಯ ಜುಮಿಲಾ ತಲೆ ಎತ್ತಿದಳು. "ಕಥೆ ಕೇಳೋದೇ ಇಲ್ಲ ಅಂತಿದ್ದೆ, ಅಕ್ಕ?"

"ಕಿವಿ ಇದೆ, ಬಿತ್ತು. ನೀನು ನಿನ್ನ ಮೇಣ ನೋಡ್ಕೋ, ಸೀದುಹೋಗ್ತಿದೆ."

ಅಷ್ಟರಲ್ಲಿ ಊರ ಹಿರಿಯ ಪಾಕ್ ದಿಪೊ ಕರಿ ಟೋಪಿ ಸರಿಮಾಡಿಕೊಳ್ಳುತ್ತ ಬಂದರು. ಚಾಪೆ ಹಾಸಿ, ಮಗುವಿನ ಮುಂದೆ ಎರಡು ಬಟ್ಟಲು ಇಟ್ಟರು. ಹೊಸ ಹೆಸರು ರಹಾಯು, ಅಂದರೆ ಕ್ಷೇಮ. ಅದನ್ನು ಪೈಜೆಮ್ ಎರಡು ವರ್ಷದ ಹಿಂದೆಯೇ ಆರಿಸಿಟ್ಟಿದ್ದಳು. ನುನಿಂಗ್ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗೋಡೆ ನೋಡುತ್ತಿದ್ದಳು. ಪಾಕ್ ದಿಪೊ ಪ್ರಾರ್ಥನೆಗೆ ಅಂಗೈ ತೆರೆದರು.

"ತಡೀರಿ," ಎಂದಳು ಪೈಜೆಮ್. ಒಳಗೆ ಹೋಗಿ ಇನ್ನೆರಡು ಬಟ್ಟಲು ಗಂಜಿ ತಂದು, ಏಳನೆಯ ಪುಸ್ತಕವನ್ನು ಚಾಪೆಯ ಮೇಲೆ ಇಟ್ಟು, ಅದರ ಮುಂದೆ ಬಡಿಸಿದಳು. "ಇವಳಿಗೂ ಹೇಳಿ."

"ಇವಳಿಗೆ ಅಂದ್ರೆ?"

"ಹೆಸರು ಇವಳದ್ದೇ ಅಲ್ವಾ, ನಮ್ಮ ಮಗು ಕಡ ತಂದಿದ್ದು. ಭಾರಕ್ಕೆ ಬಿದ್ದು ಹೋದವಳೂ ಇವಳೇ. ಹದಿನಾರು ವರ್ಷದ ಹುಡುಗಿ ತಲೆ ಮೇಲೆ ಬೆಂಕಿನೂ ಹೇರಿ, ರಾಜ್ಯಾನೂ ಹೇರಿದ್ರೆ ಇನ್ನೇನಾಗ್ತದೆ? ಬದಲಾಯಿಸೋದಾದ್ರೆ ಇಬ್ಬರದ್ದೂ ಬದಲಾಯಿಸಿ. ಇಬ್ಬರೂ ರಹಾಯು."

ಗೋಡೆ ನೋಡುತ್ತಿದ್ದ ನುನಿಂಗ್ ಅತ್ತೆಯ ಕಡೆ ತಿರುಗಿದಳು.

ಪಾಕ್ ದಿಪೊ ನಲವತ್ತು ವರ್ಷದಲ್ಲಿ ಕೂಸುಗಳ ಹೆಸರು ಬದಲಾಯಿಸಿದ್ದರು, ಮುದುಕರ ಹೆಸರು ಬದಲಾಯಿಸಿದ್ದರು, ಮೂರು ಸಲ ಹಳ್ಳಕ್ಕೆ ಬಿದ್ದ ಒಂದು ಲಾರಿಯ ಹೆಸರನ್ನೂ ಬದಲಾಯಿಸಿದ್ದರು. ಆ ಲಾರಿ ಆಮೇಲೆ ಬೀಳಲಿಲ್ಲ, ಹಾರಿಕೊಂಡೇ ಊರು ಸೇರುತ್ತಿತ್ತು ಎಂದು ಜನ ಹೇಳುತ್ತಾರೆ. ಆದ್ದರಿಂದ ಅವರು ಕೇಳಬೇಕಾದ್ದಷ್ಟನ್ನೇ ಕೇಳಿದರು.

"ತಂದೆ ಹೆಸರೇನಮ್ಮಾ ಇವಳದು?"

ನುನಿಂಗ್ ಪುಸ್ತಕದ ರಟ್ಟು ನೋಡಿದಳು. "ತಂದೆ ಇಲ್ಲ ಅಜ್ಜ. ಬರೆದೋರು ಹೆಂಗಸು."

"ಸರಿ, ತಾಯಿ ಹೆಸರೇ ಹೇಳು."

ಪ್ರಾರ್ಥನೆ ಮುಗಿಯಿತು. ಎಲ್ಲರೂ ಗಂಜಿ ತಿಂದರು, ಪುಸ್ತಕದ ಪಾಲನ್ನು ಜುಮಿಲಾ ತಿಂದಳು. ಮಗು ಬೆಲ್ಲ ಮೆತ್ತಿದ ಹೆಬ್ಬೆರಳನ್ನು ರಟ್ಟಿನ ಮೇಲಿದ್ದ ರಾಣಿಯ ಕೆನ್ನೆಗೆ ಒತ್ತಿತು. ಪೈಜೆಮ್ ಅದನ್ನು ಹೆಗಲ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಮೇಣದ ಬಾಣಲೆಯ ಮುಂದೆ ಹೋಗಿ ಕೂತಳು. ಈ ಸಲ ಬೆನ್ನು ತಿರುಗಿಸಲಿಲ್ಲ.

"ಒಂದನೇ ಪುಸ್ತಕ ತೆಗಿ," ಎಂದಳು.

"ಎಲ್ಲಾ ಓದಿ ಆಯ್ತಲ್ಲ ಅತ್ತೆ."

"ಅದು ಆ ಹೆಸರಲ್ಲಿ ಓದಿದ್ದು. ಈಗ ರಹಾಯು ಅಂತ ಓದು. ಈ ಸಲ ಹೆಂಗೆ ಸಾಯ್ತಾಳೋ ನೋಡ್ತೀನಿ."